ರಾಗಿ ಹಗೇವಿನ ಬಾಯಿ

“ನೋಡ್ಕಂಡು ಓಗು ತಮ್ಮಯ್ಯ, ಬ್ಯಾಡ ಅನ್ನಕಿಲ್ಲ. ಆದ್ರೆ ಆ ಹಗೇವಿಗೆ ಬಗ್ಗಿ ಯಾರೂ ತಮ್ಮ ಹೆಸ್ರು ಕೂಗ್ಬ್ಯಾಡಿ,” ಎಂದ ಕದಿರಯ್ಯ.

ದೊಡ್ಡರಂಗಪ್ಪ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಧುಗಿರಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಮನುಷ್ಯ. ಯಾರಾದರೂ ಬೇಡ ಅಂದರೆ ಸಾಕು, ಅದನ್ನು ಮಾಡಿ ತೋರಿಸುವವರೆಗೆ ಅವರಿಗೆ ಸಮಾಧಾನವಿಲ್ಲ. ಇದು ಅವರ ಮಗಳಿಗೆ ಗೊತ್ತಿತ್ತು, ಶಿಷ್ಯರಿಗೆ ಗೊತ್ತಿತ್ತು, ನೆಂಟರಿಷ್ಟರಿಗೆಲ್ಲ ಗೊತ್ತಿತ್ತು. ದಾಯಾದಿ ಕದಿರಯ್ಯನಿಗೂ ಗೊತ್ತಿತ್ತು.

ಬೇಸಿಗೆ ರಜೆ ಬಂತೆಂದರೆ ಮೊಮ್ಮಕ್ಕಳಿಬ್ಬರನ್ನು ಸುತ್ತಾಡಿಸುವುದು ಮೇಷ್ಟ್ರ ಹುಚ್ಚು. ಒಂದು ಭಾನುವಾರ ಮಧುಗಿರಿ ಬೆಟ್ಟ, ಇನ್ನೊಂದು ಭಾನುವಾರ ಮೈದನಹಳ್ಳಿಯ ಜಿಂಕೆವನ, ಅದಾದ ಮೇಲೆ ಕೊರಟಗೆರೆ ಪಕ್ಕದ ಸಿದ್ದರಬೆಟ್ಟ. ಈ ವಾರ ಚಿಕ್ಕವಳು ತೇಜಸ್ವಿನಿಗೆ ಜ್ವರ ಬಂದಿತ್ತು. ಒಂಬತ್ತು ವರ್ಷದ ರಕ್ಷಾಳೊಬ್ಬಳನ್ನೇ ಕಾರಿನಲ್ಲಿ ಕೂರಿಸಿಕೊಂಡು, ತಾವೂ ಒಮ್ಮೆಯೂ ಕಾಣದ ಹಿರೀಕರ ಊರಿಗೆ ಹೊರಟುಬಂದಿದ್ದರು. ಗೌಡಗೆರೆಯಿಂದ ಒಳಕ್ಕೆ ಮಣ್ಣುದಾರಿ. ಕೊನೆಯಲ್ಲಿ ಹತ್ತು ಮನೆಯ ಹಟ್ಟಿ.

ಹಳೆಯ ಮನೆಯಲ್ಲಿ ಉಳಿದಿದ್ದು ಮೊಳಕಾಲೆತ್ತರದ ಗೋಡೆ, ಜಾಲಿಮುಳ್ಳು, ಅಂಗಳದ ನಡುವೆ ಆ ಹಗೇವು. ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಕೆಳಗೆ ಹೋಗುತ್ತ ಹೋಗುತ್ತ ಹಂಡೆಯ ಹೊಟ್ಟೆ. ಬಾಯಿಗೆ ಮುಚ್ಚುವ ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಎಳೆದ ಗೀರು ಮಣ್ಣಿನಲ್ಲಿ ಹಸಿಹಸಿಯಾಗಿ ಕಾಣುತ್ತಿತ್ತು.

“ಅಷ್ಟು ಭಯ ಇದ್ದರೆ ಚಪ್ಪಡಿ ಯಾಕೆ ತೆಗೆದೆ ಕದಿರಣ್ಣ?”

“ಗಾಳಿ ಆಡ್ಲಿ ಅಂತ,” ಎಂದವನು ಮುಖ ತಿರುಗಿಸಿದ.

ಮೇಷ್ಟ್ರಿಗೆ ಅನುಮಾನ ಶುರುವಾಯಿತು. ಈ ಜಾಗ ಇನ್ನೂ ಪಾಲಾಗಿಲ್ಲ. ಕದಿರಯ್ಯನ ಮೇವಿನ ಬಣವೆ ಆಗಲೇ ಅರ್ಧ ಅಂಗಳ ನುಂಗಿದೆ. ಹೆದರಿಸಿ ಓಡಿಸಿದರೆ ಉಳಿದರ್ಧವೂ ಅವನದೇ! ಎಲಾ ಇವನ, ಹಟ್ಟಿಯಲ್ಲಿ ಕೂತೇ ಎಂಥ ಲೆಕ್ಕಾಚಾರ ಹಾಕಿದ್ದಾನೆ ಅಂದುಕೊಂಡರು.

“ಯಾವ ದೆವ್ವ ಇದೆ ಇದರಲ್ಲಿ, ಅದಾದರೂ ಹೇಳು.”

“ದೆವ್ವ ಅಲ್ಲ, ಮಾಟ. ನಮ್ಮ ಮುತ್ತಾತ, ನಿಮ್ಮ ಮುತ್ತಾತ ಅಣ್ಣತಮ್ಮದೀರು. ರಾಗಿ ಪಾಲಿಗೆ ಜಗಳ ಬಿತ್ತು. ಪಂಚಾಯ್ತಿನಾಗೆ ಅಣ್ಣ ಬಾಯಿ ಬುಡಬಾರ್ದು ಅಂತ ತಮ್ಮ ಪಾವಗಡದ ಕಡೆಯಿಂದ ಒಬ್ಬನ್ನ ಕರೆಸಿ ಬಾಯಿಕಟ್ಟು ಮಾಡಿಸ್ದ. ಅದ್ನ ಇದ್ರೊಳ್ಗೇ ಊತಾಕ್ದ. ಮಾಡಿಸ್ದೋರು ನಿಮ್ಮ ಕಡೆಯೋರೇ ಕಣಪ್ಪ. ಅವತ್ತಿಂದ ಇದ್ರೊಳ್ಗೆ ಯಾವಾಗ್ಲೂ ಒಂದು ದನಿ ಇರ್ಬೇಕು. ಅದ್ಕೇ ಹೇಳೋದು, ಕೂಗ್ಬ್ಯಾಡಿ.”

ಎದುರಿಗಿನ ಜಗಲಿಯ ಮೇಲೆ ಕದಿರಯ್ಯನ ಹೆಂಡತಿ ಓಬಳಮ್ಮ ಕಂಬಕ್ಕೊರಗಿ ಕೂತಿದ್ದಳು. ಎಂಟು ವರ್ಷದಿಂದ ಅವಳಿಗೆ ಮಾತಿಲ್ಲ, ಲಕ್ವ ಎಂದು ಮೇಷ್ಟ್ರು ಕೇಳಿದ್ದರು. ಆದರೆ ಅವಳ ಬಾಯಿ ಸೊಟ್ಟಗಾಗಿರಲಿಲ್ಲ, ಕೈಕಾಲು ನೆಟ್ಟಗಿದ್ದವು. ರೆಪ್ಪೆ ಬಡಿಯದೆ ಅವಳು ರಕ್ಷಾಳನ್ನೇ ನೋಡುತ್ತಿದ್ದಳು. ಅದು ಮೇಷ್ಟ್ರಿಗೆ ಹಿಡಿಸಲಿಲ್ಲ.

“ಮೂರ್ನೇ ಸಲ ಹೇಳ್ತಿವ್ನಿ ತಮ್ಮಯ್ಯ. ಬ್ಯಾಡ.”

ಮೇಷ್ಟ್ರಿಗೆ ಮೈ ಉರಿಯಿತು. “ಬಾ ಮಗಾ ಇಲ್ಲಿ,” ಎಂದು ಮೊಮ್ಮಗಳ ಕೈ ಹಿಡಿದು ಹಗೇವಿನ ಬಾಯಿಗೆ ಕರೆದೊಯ್ದರು. “ಇದರೊಳಗೆ ಇಳಿದರೆ ಉಸಿರುಕಟ್ಟುತ್ತೆ, ಅದು ನಿಜ. ಕೆಟ್ಟ ಗಾಳಿ ನಿಂತಿರುತ್ತೆ. ಆದರೆ ಕೂಗಿದರೆ ಏನಾಗುತ್ತೆ? ಗುಂಯ್ ಅನ್ನುತ್ತೆ, ಅಷ್ಟೇ. ಎಲ್ಲಿ, ನಿನ್ನ ಹೆಸರು ಜೋರಾಗಿ ಕೂಗು ನೋಡೋಣ.”

ಒಳಗಿಂದ ಮುಗ್ಗಲು ರಾಗಿಯ ವಾಸನೆ ಬರುತ್ತಿತ್ತು. ಅದರ ಹಿಂದೆಯೇ ಸುಟ್ಟ ಕೂದಲಿನ ನಾತ. ನೆತ್ತಿಯ ಮೇಲೆ ಸುಡುವ ಬಿಸಿಲಿದ್ದರೂ ಗುಂಡಿಯೊಳಗೆ ಮೊಳದುದ್ದವೂ ಬೆಳಕು ಇಳಿದಿರಲಿಲ್ಲ. ಹುಡುಗಿ ಮೊಣಕಾಲೂರಿ ಬಗ್ಗಿದಳು.

“ರಕ್ಷಾ!”

ಗುಂಯ್ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಒಣನೆಲಕ್ಕೆ ಚೆಲ್ಲಿದ ನೀರಿನಂತೆ ಕೂಗು ಇಂಗಿಹೋಯಿತು. ಜಾಲಿಯಲ್ಲಿ ಕೂಗುತ್ತಿದ್ದ ಹಕ್ಕಿಯೂ ಸುಮ್ಮನಾಯಿತು.

ರಕ್ಷಾ ಎದ್ದು ತಾತನ ಕಡೆ ತಿರುಗಿದಳು. ತುಟಿ ಅಲ್ಲಾಡಿತು. ‘ತಾತ’ ಎಂದಿರಬೇಕು, ಆದರೆ ಸದ್ದಿಲ್ಲ. ಮತ್ತೆ ಬಾಯಿ ತೆರೆದಳು, ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಸದ್ದು ಬರಲಿಲ್ಲ.

“ನೀರು... ನೀರು ಕೊಡ್ರೋ...”

ಹಿಂದಿನಿಂದ ಬಂತು ಆ ಮಾತು. ತುಕ್ಕು ಹಿಡಿದ ಬಾಗಿಲು ತೆರೆದಂಥ ದನಿ. ಓಬಳಮ್ಮ ಕಂಬ ಹಿಡಿದು ಎದ್ದು ನಿಂತಿದ್ದಳು. ಕದಿರಯ್ಯ ಅವಳ ಕಾಲ ಬಳಿ ಕುಸಿದು ಗಳಗಳನೆ ಅಳುತ್ತಿದ್ದ. ಅವನ ಮುಖದಲ್ಲಿ ಸಂತೋಷವಿತ್ತು, ಆಶ್ಚರ್ಯ ಮಾತ್ರ ಎಳ್ಳಷ್ಟೂ ಇರಲಿಲ್ಲ.

ಮೇಷ್ಟ್ರು ಹೋಗಿ ಅವನ ಕೊರಳಪಟ್ಟಿ ಹಿಡಿದರು. “ಬೇಕಂತಲೇ ಮಾಡಿದೆಯೇನೋ ಪಾಪಿ?”

“ಬ್ಯಾಡ ಅಂದ್ನಲ್ಲ! ಮೂರು ಸಲ ಅಂದೆ!” ಅವನು ಕಣ್ಣು ತಪ್ಪಿಸಿದ. “ಸುಮ್ಕೆ ಕೂಗಿದ್ರೆ ಅದು ಮುಟ್ಟಾಕಿಲ್ಲ. ಬ್ಯಾಡ ಅಂದ್ ಮ್ಯಾಲೂ ಕೂಗಿದ್ರೇನೇ ಇಸ್ಕಳಾದು. ನೀನೇ ಕೂಗ್ತೀಯ ಅಂದ್ಕಂಡಿದ್ದೆ ಕಣಪ್ಪ. ಮಗೂನ ಕೈಲಿ ಕೂಗಿಸ್ತೀಯ ಅಂತ ನಂಗೇನ್ ಗೊತ್ತು?”

ಕದಿರಯ್ಯ ಕೊರಳು ಬಿಡಿಸಿಕೊಂಡು, ಹೆಂಡತಿಯನ್ನು ತಬ್ಬಿ ಒಳಗೆ ಹೋಗಿ ಅಗುಳಿ ಹಾಕಿಕೊಂಡ. ಬಾಗಿಲು ಗುದ್ದಲು ಎತ್ತಿದ ಕೈಯನ್ನು ಮೇಷ್ಟ್ರು ಕೆಳಗಿಳಿಸಿದರು. ಕೂಗಿಸಿದ್ದು ತಾವು. ತಮ್ಮ ಜಂಬಕ್ಕೆ ಕೂಸನ್ನು ಕೊಟ್ಟಿದ್ದರು.

ಆಗ ಹಗೇವಿನೊಳಗಿಂದ ಕೇಳಿಸಿತು.

“ತಾತಾ... ಇಲ್ಲಿ ಕತ್ಲೆ...”

ರಕ್ಷಾಳ ದನಿ. ರಕ್ಷಾ ಎದುರಿಗೇ ನಿಂತಿದ್ದಾಳೆ. ಬಾಯಿ ಮುಚ್ಚಿದೆ. ದನಿ ಮಾತ್ರ ಕೆಳಗಿದೆ.

“ತಾತಾ... ಯಾರೋ ಮುಟ್ತಿದಾರೆ...”

ಬಿಸಿಲು ಮೇಷ್ಟ್ರ ಕಣ್ಣಿಗೆ ಕಪ್ಪಾಯಿತು. ಮೂವತ್ತು ವರ್ಷದ ಪಾಠದಲ್ಲಿ ಇದಕ್ಕೆ ಉತ್ತರವಿಲ್ಲ. ಯೋಚಿಸಲಿಲ್ಲ. ಓಡಿದರು. ಹಗೇವಿನ ಬಾಯಿಗೆ ಮುಖವಿಟ್ಟು ಬೋರಲು ಬಿದ್ದರು. ಸುಟ್ಟ ಕೂದಲಿನ ನಾತ ಮೂಗಿಗೆ ಹೊಡೆಯಿತು. ಕೆಳಗೆ ಏನೋ ಹೊರಳಿತು. ಹತ್ತಿರ ಬಂತು. ಇನ್ನೂ ಹತ್ತಿರ. ಕೆನ್ನೆಗೆ ತಣ್ಣನೆಯ ಉಸಿರು ತಗುಲಿತು.

“ದೊಡ್ಡರಂಗಪ್ಪಾ!” ಎಂದು ತಮ್ಮ ಹೆಸರನ್ನೇ ಕೂಗಿದರು.

ಗಂಟಲೊಳಗಿನ ನೂಲನ್ನು ಯಾರೋ ಸರ್ರನೆ ಎಳೆದುಕೊಂಡರು. ಎಳೆದರು. ಎಳೆದರು. ಬುಡಸಮೇತ ಕಿತ್ತರು.

“ತಾತಾ!” ಬೆನ್ನ ಹಿಂದೆ ರಕ್ಷಾ ಚೀರಿದಳು.

ಅಬ್ಬಾ, ಆ ಚೀರಾಟ ಕೇಳಿ ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಹುಡುಗಿಯನ್ನು ಎತ್ತಿಕೊಂಡು ಕಾರಿಗೆ ಓಡಿದರು. ಅವಳು ಶಿರಾ ದಾಟುವ ಮೊದಲೇ ನಿದ್ದೆ ಹೋದಳು. ಮಧುಗಿರಿಯಲ್ಲಿ ಎದ್ದಾಗ ಅವಳಿಗೆ ಹಗೇವೂ ನೆನಪಿರಲಿಲ್ಲ, ಕೂಗಿದ್ದೂ ನೆನಪಿರಲಿಲ್ಲ. “ತಾತನ ಊರು ಚೆನ್ನಾಗಿತ್ತಮ್ಮ, ದೊಡ್ಡ ಬಣವೆ ಇತ್ತು,” ಎಂದಳು. ಮೇಷ್ಟ್ರು ಮಾತ್ರ ಅವತ್ತಿನಿಂದ ಒಂದಕ್ಷರ ಆಡಿಲ್ಲ. ಗಂಟಲು ಸರಿಯಾಗಿಯೇ ಇದೆ ಎಂದರು ತುಮಕೂರಿನ ಡಾಕ್ಟರು. ಬರೆದು ತಿಳಿಸೋಣವೆಂದರೆ, ಕಾಫಿ ಬೇಕು ಎಂದು ಬರೆಯಬಹುದು, ಪೇಪರ್ ತಾ ಎಂದು ಬರೆಯಬಹುದು. ಹಗೇವಿನ ವಿಷಯಕ್ಕೆ ಬಂದರೆ ಬೆರಳು ಮರಗಟ್ಟುತ್ತವೆ.

ಮೊದಲ ವಾರ ಅವರಿಗೆ ನೆಮ್ಮದಿಯೇ ಇತ್ತು. ಮಗು ಉಳಿಯಿತಲ್ಲ, ನನ್ನದೇನು ಮಹಾ ಎಂದುಕೊಂಡರು. ಎರಡನೇ ವಾರ ಕಣ್ಣು ಮುಚ್ಚಿದರೆ ಸಾಕು, ಮುಗ್ಗಲು ಕತ್ತಲು. ಅಲ್ಲಿ ಅವರದೇ ದನಿ ಬಿಡಿಸಿ ಎಂದು ಅಂಗಲಾಚುತ್ತಿತ್ತು. ಅದನ್ನು ಯಾವುದೋ ತಣ್ಣನೆಯ ಕೈ ಸವರುತ್ತಿತ್ತು. ಮೂರನೇ ವಾರಕ್ಕೆ ಅವರು ಊಟ ಬಿಟ್ಟರು.

ಶನಿವಾರ ಸಂಜೆ ಮಗಳು ಶಿವರಂಜನಿ ಟೀ ತಂದಿಟ್ಟು ಪಕ್ಕದಲ್ಲಿ ಕೂತಳು.

“ಅಪ್ಪಾ, ತೇಜು ಒಂದೇ ಹಟ. ಅಕ್ಕಂಗೆ ತೋರಿಸಿದ ಊರು ನಂಗೂ ತೋರಿಸ್ಬೇಕು ಅಂತಾಳೆ. ಕದಿರಣ್ಣ ದೊಡ್ಡಪ್ಪನೂ ಫೋನ್ ಮಾಡಿದ್ರು. ಹಳೇ ಗುಂಡಿ ಇದೆ, ಮಗೂನ ಹತ್ರ ಬಿಡಬೇಡಿ, ಅಲ್ಲಿ ಹೆಸರು ಕೂಗಿಸ್ಬೇಡಿ ಅಂತ ಏನೇನೋ ಹೇಳಿದ್ರು. ನಂಗೆ ನಗು ಬಂತು. ನೀವೂ ಸ್ವಲ್ಪ ಹೊರಗೆ ಹೋಗಿ ಬಂದಂಗೆ ಆಗುತ್ತೆ. ನಾಳೆ ಹೋಗೋಣ್ವಾ?”

ಐದು ವರ್ಷದ ತೇಜಸ್ವಿನಿ ಬಂದು ತಾತನ ಮಂಡಿ ಹಿಡಿದುಕೊಂಡಳು. ಬೇಡ ಅನ್ನಲು ಬಾಯಿ ಬೇಕಿರಲಿಲ್ಲ. ತಲೆಯನ್ನು ಒಮ್ಮೆ ಅಡ್ಡಡ್ಡ ಆಡಿಸಿದ್ದರೆ ಸಾಕಿತ್ತು, ಮಗಳು ಆ ಮಾತು ಅಲ್ಲಿಗೇ ಬಿಡುತ್ತಿದ್ದಳು.

ಮೇಷ್ಟ್ರು ಕೂಸಿನ ತುಟಿಯನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಆಗಲಿ ಎಂಬಂತೆ ತಲೆಯಾಡಿಸಿದರು.