ಐದನೆಯ ಕೊಡ

೧೯೮೪ರ ಮೇ ತಿಂಗಳು. ನಾಗಪುರದ ಹೊರಗೆ, ವಾಡಿಯ ಆಚೆ ನಮ್ಮದು ಹನ್ನೊಂದು ಮನೆಗಳ ಕಾಲೊನಿ. ನಾವು ನಗರಪಾಲಿಕೆಗೂ ಬೇಡ, ಪಂಚಾಯಿತಿಗೂ ಬೇಡ. ಮನೆಯವರೇ ಕಟ್ಟಿಕೊಂಡ ಸಂಘವೇ ನಮ್ಮ ಸರ್ಕಾರ. ಇದ್ದದ್ದು ಒಂದೇ ಬಾವಿ. ಮಧ್ಯಾಹ್ನ ತಲೆಗೊಂದು ಕೊಡ ನೀರು. ನಾವು ನಾಲ್ವರು, ನಾಲ್ಕು ಕೊಡ, ತರುವವಳು ನಾನೇ.

ಒಂದು ದಿನ ಸಂಘದ ಕಾರ್ಯದರ್ಶಿ ಕಾಶೀನಾಥ ಕಾಕಾ ಮರಾಠಿಯಲ್ಲಿ ಗದರಿದರು: "ಏ ಪೋರಿ, ನಿನ್ನ ಆಯಿ ದಿನಾ ಐದನೇ ಕೊಡ ಒಯ್ತಾಳೆ. ಸೋಮವಾರದಿಂದ ನಿಮ್ಮನೆಗೆ ಪಾಣಿ ಬಂದ್!"

ನಾನು ಥಟ್ಟನೆ ಹಿಂದೆ ತಿರುಗಿ ನೋಡಿದೆ. ನಮ್ಮ ಧಾರವಾಡದ ಕಡೆ ಆಯಿ ಎಂದರೆ ಅಜ್ಜಿ. ಕಥೆ ಹೇಳಿ ನನ್ನನ್ನು ಬೆಳೆಸಿದ ಆಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಆಮೇಲೆ ನಗು ಬಂತು: ಮರಾಠಿಯಲ್ಲಿ ಆಯಿ ಎಂದರೆ ಅವ್ವ.

ಅವ್ವ ಸಿಡುಕಿದಳು: "ನಾ ಬಾವಿ ಕಡೆ ಹೋಗೇ ಇಲ್ಲ. ಆ ಕಾಕಾನೇ ನೀರು ತನ್ನ ಮನಿಗೆ ಒಯ್ದು ನಮ್ಮ ಹೆಸರು ಹೇಳ್ತಿರಬೇಕು, ನೋಡು."

ನನಗೂ ಅದೇ ಅನುಮಾನ. ಮರುದಿನ ಬಾವಿಕಟ್ಟೆಯ ಬಳಿ ನಿಂತು ಕಾದೆ. ನಮ್ಮ ಮನೆಯಿಂದ ಯಾರೂ ಬರಲಿಲ್ಲ. ಆದರೂ ಕಾಕಾ, "ಬಗ್, ನೋಡು, ನಿನ್ನ ಆಯಿ ಈಗ ನಿನ್ನ ಮುಂದೇ ಹೋದಳಲ್ಲ!" ಎಂದರು. ಬಾವಿಯಿಂದ ನಮ್ಮ ಬಾಗಿಲವರೆಗೆ, ಕಾಲು ಸುಡುವ ಮಣ್ಣಿನ ಮೇಲೆ ನೀರು ತುಳುಕಿದ ಹನಿಗಳ ಸಾಲು. ಮುಟ್ಟಿದರೆ ಕೊರೆಯುವಷ್ಟು ತಣ್ಣಗೆ. ಸಂಜೆಯವರೆಗೂ ಆರಲಿಲ್ಲ.

ಸೋಮವಾರ ನೀರು ನಿಲ್ಲಲಿಲ್ಲ. ಸಂಘದ ನೀರಿನ ಲೆಕ್ಕದ ವಹಿಯಲ್ಲಿ ನಮ್ಮ ಮನೆಯ ಎದುರು ನಾಲ್ಕನ್ನು ಹೊಡೆದು ಐದು ಎಂದು ಯಾರೋ ತಿದ್ದಿದ್ದರು. ಆಯಿ ಒಲೆಯ ಬೂದಿಯಲ್ಲಿ ಬರೆದು ನನಗೆ ಕಲಿಸಿದಂಥ, ಬಾಲ ಉದ್ದವಾದ ಕನ್ನಡದ ೫.

ಕಾಲೊನಿಯಲ್ಲಿ ಕನ್ನಡದವರದೆಂದರೆ ನಮ್ಮದೊಂದೇ ಮನೆ. ನಾವು ನಾಲ್ವರೂ ಆ ವಹಿಯನ್ನು ಮುಟ್ಟಿರಲಿಲ್ಲ.