ಮೇಲಿನ ಬಿಳಿ ಪಟ್ಟಿ

ವಿಜಾಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಏಳೂವರೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಲ್ಲುತ್ತಿದ್ದವಳು ಗುಲಶನ ಒಬ್ಬಳೇ. ಕಂಬದ ಬುಡದಲ್ಲಿ ಎಲೆಯಡಿಕೆಯ ಉಗುಳು, ಗೋಡೆಯ ಬದಿಗೆ ಉಚ್ಚೆಯ ನಾತ, ಕಾಲಡಿ ಕೊಳೆತ ಬಾಳೆಹಣ್ಣಿನ ಸಿಪ್ಪೆ. ಅವಳು ಬಬಲೇಶ್ವರದ ಸರಕಾರಿ ದವಾಖಾನೆಯ ಹೆಲ್ತ್ ವಿಜಿಟರ್. ಊರೂರು ತಿರುಗಿ, ಮನೆಯಲ್ಲೇ ಮಲಗಿದ ಬಾಣಂತಿಯರನ್ನೂ ರೋಗಿಗಳನ್ನೂ ನೋಡಿ ಬರುವುದು ಅವಳ ಕೆಲಸ.

ಎಪ್ಪತ್ನಾಲ್ಕರ ಮಳೆಗಾಲದಲ್ಲಿ ಒಂದು ದಿನ, ಪಕ್ಕದಲ್ಲಿ ನಿಂತವನು ಕೇಳಿದ.

"ನರ್ಸ್‌ಬಾಯಾರಿಗೂ ಹೇಸಿಗಿ ಬರ್ತದೇನ್ರಿ?"

"ಹೇಸಿಗಿ ಬಂದವ್ರಽ ತೊಳೀತಾರ್ರಿ," ಎಂದಳು ಅವಳು, ಸೆರಗು ತೆಗೆಯದೆ.

ಅವನು ತಲೆ ಬಗ್ಗಿಸಿ ನಕ್ಕ. ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿ, ಕೈಯಲ್ಲಿ ಕರಿಯ ಚರ್ಮದ ಚೀಲ. ಚೀಲ ಹಿಡಿದ ಬೆರಳುಗಳ ಮೇಲೆ ಗುಲಶನಳ ಕಣ್ಣು ನಿಂತಿತು. ಗಂಡಸಿನ ಉಗುರು ಇಷ್ಟು ಚೊಕ್ಕವಾಗಿರುವುದನ್ನು ಅವಳು ಕಂಡಿರಲಿಲ್ಲ.

ಹೆಸರು ಅಬ್ದುಲಸಮದ. ಗಾಂಧಿ ಚೌಕದ ಒಂದು ಧರ್ಮಾರ್ಥ ಸಂಸ್ಥೆಯಲ್ಲಿ ಕೆಲಸ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಇಂಜೆಕ್ಷನ್ ಕೊಟ್ಟು, ಹುಣ್ಣು ತೊಳೆದು ಪಟ್ಟಿ ಕಟ್ಟಿ ಬರಲು ಆ ಸಂಸ್ಥೆ ಜನರನ್ನು ಇಟ್ಟುಕೊಂಡಿತ್ತು. ಅವನ ಪಾಲಿಗೆ ಬಂದದ್ದು ತಿಕೋಟಾ.

ಅವಳ ಬಬಲೇಶ್ವರದ ಬಸ್ಸು ಬರುವವರೆಗೆ ದಿನಕ್ಕೆ ಹತ್ತು ನಿಮಿಷ ಸಿಗುತ್ತಿತ್ತು; ಅವನ ತಿಕೋಟಾದ ಬಸ್ಸು ಅದರ ನಂತರ. ಆ ಹತ್ತು ನಿಮಿಷದಲ್ಲೇ ಅವರ ಪ್ರೀತಿ ಬೆಳೆಯಿತು. ಅವಳ ಬಸ್ಸು ತಿರುಗಿ ನಿಲ್ಲುವ ಮೊದಲೇ ಅವನು ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುತ್ತಿದ್ದ. ಮರುದಿನ ಅವಳು ಅದನ್ನು ಒಗೆದು ಮಡಿಚಿ ತಂದುಕೊಡುತ್ತಿದ್ದಳು.

"ನೀವು ಒಗದದ್ದು ಮೂಗಿಗೆ ಹಿಡದ್ರ ಬಸ್ ಸ್ಟ್ಯಾಂಡೂ ಹೂವಿನ ತ್ವಾಟ ಆಗತದ," ಎಂದ ಒಮ್ಮೆ.

"ಸುಳ್ಳ ಹೇಳಬ್ಯಾಡ್ರಿ."

"ಸುಳ್ಳಲ್ಲ. ಈದ್ ಮುಗದ ಮ್ಯಾಲ ಅಮ್ಮಾನ್ನ ನಿಮ್ಮ ಮನಿಗೆ ಕಳಸ್ತೇನಿ."

ಆ ದಿನ ಸಾರವಾಡ ದಾಟುವವರೆಗೂ ಅವಳು ಕಿಟಕಿಗೆ ಮುಖ ಮಾಡಿಕೊಂಡೇ ಕುಳಿತಿದ್ದಳು, ತನ್ನ ನಗು ಕಂಡಕ್ಟರನಿಗೆ ಕಾಣದಿರಲೆಂದು.

ಈದಿಗೆ ಇನ್ನೂ ಕೆಲವು ದಿನವಿರುವಾಗ, ಚಳಿ ಬೀಳುವ ಹೊತ್ತಿಗೆ, ದವಾಖಾನೆಯ ಡಾಕ್ಟರು ಅವಳ ಕೈಗೊಂದು ಕಾಗದ ಕೊಟ್ಟರು. ಗಾಂಧಿ ಚೌಕದ ಆ ಸಂಸ್ಥೆಗೆ ಸರಕಾರದಿಂದ ಅರಳೆ, ಔಷಧ ಹೋಗುತ್ತಿತ್ತು. ಅವರ ಮನೆ-ಸೇವೆ ಸ್ವಚ್ಛವಿದೆಯೇ, ರೋಗಿಗೆ ಅಪಾಯವಿಲ್ಲವೇ ಎಂದು ಮುಂಚೆ ತಿಳಿಸದೆ ಹೋಗಿ ನೋಡಿ ಬರೆಯಬೇಕಿತ್ತು. ತಿಕೋಟಾದ ಐದು ಮನೆ. ಐದರ ಮುಂದೆಯೂ ಒಂದೇ ಹೆಸರು.

"ಅವ್ರು ನನಗ ಪರಿಚಯದವ್ರರಿ. ಬ್ಯಾರೆಯವ್ರನ್ನ ಕಳಸ್ರಿ," ಎಂದಳು.

"ಬ್ಯಾರೆ ಯಾರದಾರವಾ ನನ್ನ ಹತ್ರ? ಕಂಡದ್ದನ್ನ ಬರಿ, ಅಷ್ಟಽ."

ಅವನು ಕೆಲಸ ಮುಗಿಸಿ ಹೋದ ಮೇಲೆ, ಮಧ್ಯಾಹ್ನದ ಬಸ್ಸಿಗೆ ಅವಳು ತಿಕೋಟಾದಲ್ಲಿ ಇಳಿದಳು. ಮೊದಲ ಮನೆ ಮುರಿಗೆವ್ವ ಎಂಬ ಮುದುಕಿಯದು. ಬಿದ್ದು ಸೊಂಟ ಮುರಿದುಕೊಂಡು ಮೂರು ತಿಂಗಳಿಂದ ಹಾಸಿಗೆಯಲ್ಲಿದ್ದಳು.

ಹೊಸ್ತಿಲಲ್ಲೇ ವಾಸನೆ ಬಡಿಯಿತು. ಸತ್ತ ಇಲಿ ಮಾಡಿನಲ್ಲಿ ಸಿಕ್ಕಿಕೊಂಡಂತೆ, ಸಿಹಿಯಾಗಿ, ಗಂಟಲಿಗೆ ಅಂಟುವ ವಾಸನೆ.

"ವಯಸ್ಸಾದವ್ರ ಮೈ ಅಲ್ರಿ," ಎಂದಳು ಸೊಸೆ ಹೊಳೆವ್ವ, ನಾಚಿಕೊಂಡು. "ಪಟ್ಟಿ ಯಾರೂ ಮುಟ್ಟಬ್ಯಾಡ್ರಿ ಅಂದಾರ ಸಾಹೇಬ್ರು."

ಮುದುಕಿಯನ್ನು ಮಗ್ಗುಲಿಗೆ ಹೊರಳಿಸಿದರು. ಬೆನ್ನ ಕೆಳಗೆ ಹಾಲಿನಂತೆ ಬಿಳಿಯ ಪಟ್ಟಿ, ಅಂಚಿಗೆ ಅಂದವಾದ ಗಂಟು. ಅದು ಅವನ ಗಂಟೆಂದು ಗುಲಶನಳಿಗೆ ಒಂದು ಕ್ಷಣ ಹಿತವೆನಿಸಿತು. ಆಮೇಲೆ ಕತ್ತರಿ ಹಾಕಿದಳು.

ಬಿಳಿ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ, ಹಳದಿ. ಅದರ ಕೆಳಗೆ ಕಂದು. ಅದರ ಕೆಳಗೆ ಕರಿ, ಕೀವಿನಿಂದ ಮೈಗೆ ಮೆತ್ತಿಕೊಂಡಿದ್ದು. ಹಳೆಯದನ್ನು ಬಿಚ್ಚದೆ ಮೇಲೆ ಮೇಲೆ ಸುತ್ತಿದ್ದ. ಬಿಸಿನೀರು ಹಾಕಿ ನೆನೆಸಿ ಕೊನೆಯದನ್ನು ಎತ್ತಿದಾಗ ಮುಷ್ಟಿಯಷ್ಟು ಅಗಲದ ಕುಳಿ ಕಂಡಿತು. ಅದರೊಳಗೆ ಅನ್ನದ ಅಗುಳಿನಂಥ ಹುಳಗಳು ಒಂದರ ಮೇಲೊಂದು ಹೊರಳಾಡುತ್ತಿದ್ದವು.

ಹೊಳೆವ್ವ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು.

"ಒಳಗ ಏನೋ ಹರದಾಡಾಕತ್ತೈತಿ ಅಂತ ದಿನಾ ಅಂದೆ ಬೇ," ಎಂದಳು ಮುರಿಗೆವ್ವ ಗೋಡೆಯ ಕಡೆ ಮುಖ ಮಾಡಿ. "ನಿಂಗ ಹಂಗ ಅನಸ್ತದಮ್ಮಾ ಅಂದ್ರು."

ಗುಲಶನ ಒಂದೊಂದೇ ಹುಳ ಆರಿಸಿ ತೆಗೆದಳು, ಕುಳಿ ತೊಳೆದಳು, ಹೊಸ ಪಟ್ಟಿ ಹಾಕಿದಳು. ಎಲ್ಲ ಮುಗಿದ ಮೇಲೆ ಹಿತ್ತಲಿಗೆ ಹೋಗಿ, ಗೋಡೆ ಹಿಡಿದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿದಳು. ಹುಣ್ಣು ಅವಳಿಗೆ ಹೊಸದಲ್ಲ. ಆ ಗಂಟು ಹಾಕಿದ ಬೆರಳುಗಳು ಕಣ್ಣ ಮುಂದೆ ಬರುತ್ತಿದ್ದವು. ಇಷ್ಟು ದಿನ ಅವನ್ನು ನೆನೆದು ಸುಖಪಟ್ಟಿದ್ದಳಲ್ಲ, ಅದಕ್ಕೆ ತನ್ನ ಮೇಲೂ ಹೇಸಿಗೆ ಬಂತು.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಕಿಟಕಿಯಿಂದ ಕರ್ಚೀಫು ಎಸೆದು ನಗುತ್ತ ಬಂದ. ಅವಳು ಬಸ್ಸು ಹತ್ತಲಿಲ್ಲ.

"ಮುರಿಗೆವ್ವನ ಮನಿಗೆ ಹೋಗಿದ್ದೆ," ಎಂದಳು. "ಕೆಳಗಿನ ಪಟ್ಟಿ ಬಿಚ್ಚಿ ಎಷ್ಟ ದಿನಾತ್ರಿ?"

ಅವನ ಮುಖದ ನೀರೇ ಇಳಿಯಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ತಿಂಗಳ ಮ್ಯಾಲಾತು. ಮೊದಲ ಬಿಚ್ಚಿದಾಗ ಆ ನಾತಕ್ಕ ಹೊಟ್ಟಿ ತೊಳಸಿ ಬಂತು, ಗುಲಶನ. ಮುಂದ ಬಿಚ್ಚಾಕ ಧೈರ್ಯಾಗಲಿಲ್ಲ. ಉಳದವ್ರಿಗೆ ಬರೇ ಇಂಜೆಕ್ಷನ್. ಇಕೀದು ಮಾತ್ರ ನನ್ನ ಕೈಲೆ ಆಗಲಿಲ್ಲ."

"ಆಗೂದಿಲ್ಲ ಅಂತ ಸಂಸ್ಥಾದವ್ರಿಗೆ ಹೇಳಬೇಕಾಗಿತ್ತು."

"ಹೇಳಿದ್ರ ಕೆಲಸ ಹೋಗತಿತ್ತು." ಅವನು ದನಿ ತಗ್ಗಿಸಿದ. "ರಿಪೋರ್ಟಿನ್ಯಾಗ ನನ್ನ ಹೆಸರ ಬರೀಬ್ಯಾಡ. ಸಂಸ್ಥಾದ್ದ ಬರಿ."

"ಪಟ್ಟಿ ಕಟ್ಟಿದ್ದು ಸಂಸ್ಥಾ ಅಲ್ಲಲ್ರಿ."

ಅವನ ಉಗುರುಗಳು ಅಂದೂ ಚೊಕ್ಕವಾಗಿದ್ದವು. ಅವುಗಳನ್ನು ನೋಡಲಾಗದೆ ಅವಳು ಮುಖ ತಿರುಗಿಸಿದಳು.

ಉಳಿದ ನಾಲ್ಕು ಮನೆಯನ್ನೂ ನೋಡಿ ಬಂದು ವರದಿ ಬರೆದಳು. ನಾಲ್ಕು ಮನೆಯಲ್ಲಿ ಸೂಜಿ ಕುದಿಸಿ, ಹೇಳಿದಂತೆ ಇಂಜೆಕ್ಷನ್ ಕೊಟ್ಟಿದ್ದ, ಅದನ್ನೂ ಬರೆದಳು. ಮುರಿಗೆವ್ವನ ಮುಂದೆ 'ಸುರಕ್ಷಿತವಲ್ಲ' ಎಂದು ಬರೆದು ಅವನ ಹೆಸರು ಸೇರಿಸಿದಳು. ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದ ಆ ಹೆಸರನ್ನು ಅವಳು ಕಾಗದದ ಮೇಲೆ ಬರೆದದ್ದು ಅದೇ ಮೊದಲು.

ವಾರದೊಳಗೆ ಅವನ ಕೆಲಸ ಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಅವನು ಕಾಣಲಿಲ್ಲ.

ಮುರಿಗೆವ್ವನ ಹುಣ್ಣನ್ನು ತಿಕೋಟಾದ ಸರಕಾರಿ ನರ್ಸು ನೋಡುವುದೆಂದಾಯಿತು. ಆಕೆಗೆ ಬಿಡುವಾಗುತ್ತಿದ್ದದ್ದು ವಾರಕ್ಕೆ ಎರಡು ದಿನ. ಉಳಿದ ದಿನಗಳ ಚಿಂತೆಯಲ್ಲಿ ಗುಲಶನ ಆಯಿತವಾರ, ರಜೆಯ ದಿನ, ತಾನೇ ಹೋದಳು. ಒಳಗೆ ಒಲೆಯ ಮೇಲೆ ಚಿಮಟಾ, ಕತ್ತರಿ ಕುದಿಯುತ್ತಿದ್ದವು. ಮುದುಕಿಯ ಬೆನ್ನ ಹಿಂದೆ ಅಬ್ದುಲಸಮದ ಅಂಗಿಯ ತೋಳು ಮಡಿಚಿ ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ.

"ದಿನಾ ಬರ್ತಾರ್ರಿ," ಎಂದಳು ಹೊಳೆವ್ವ. "ನಮ್ಮೂರ ನರ್ಸ್‌ಬಾಯಾರು ತೋರಿಸಿಕೊಟ್ಟಾರ. ಮೊದಲನೇ ದಿನ ಎರಡ ಸಲ ಹೊರಗ ಹೋಗಿ ಕಾರಕೊಂಡ್ರು. ಮತ್ತ ಬಂದ ಕುಂತ್ರು."

"ನೀ ಯಾಕ ಒಳಗ ಬಿಟ್ಟಿ ಯವ್ವಾ?" ಗುಲಶನ ಮುದುಕಿಯನ್ನು ಕೇಳಿದಳು.

"ಬೈದೆ ಬೇ. ನನಗ ಬರೂ ಬೈಗಳೆಲ್ಲಾ ಬೈದೆ. ಬೈಗಳ ತೀರಿದ್ವು, ಇಂವಾ ಇನ್ನೂ ನಿಂತಿದ್ದಾ. ಬಿಚ್ಚಪಾ ಅಂದೆ."

ಗುಲಶನ ಅವನ ಮುಖ ನೋಡಲಿಲ್ಲ. ಹುಣ್ಣನ್ನು ನೋಡಿದಳು. "ಈ ಬದಿಗೆ ಸತ್ತ ಮಾಂಸ ಉಳದೈತಿ. ಅದನ್ನ ತಗೀಬೇಕು," ಎಂದಳು. ಅವನು ಬಗ್ಗಿದ. ಹಣೆಯ ಬೆವರು ಕಣ್ಣಿಗೆ ಇಳಿದರೂ ಮುಖ ಹಿಂದೆ ತೆಗೆಯಲಿಲ್ಲ.

ಆಮೇಲೆ ಪ್ರತಿ ಆಯಿತವಾರ ಅವಳು ಹೋದಳು. ಅವನು ಈಗ ಗಾಂಧಿ ಚೌಕದ ಅಂಗಡಿಯೊಂದರಲ್ಲಿ ಮೆಣಸಿನಕಾಯಿ ತೂಗುತ್ತಿದ್ದ, ಮಧ್ಯಾಹ್ನ ತಿಕೋಟಾಕ್ಕೆ ಬರುತ್ತಿದ್ದ. ಮೂರು ವಾರ ಹುಣ್ಣಿನ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ನಾಲ್ಕನೆಯ ವಾರದಿಂದ ಬಸ್ಸಿನ, ಅಂಗಡಿಯ ಮಾತೂ ಒಂದೊಂದಾಗಿ ಬಂದವು. ಬಿಸಿಲು ಏರುವ ತಿಂಗಳಿಗೆ ಕುಳಿ ತುಂಬಿ, ಎಳೆಯ ಕೆಂಪು ಚರ್ಮ ಕೂಡಿಕೊಂಡಿತು.

ಆ ದಿನ ಹಿತ್ತಲಲ್ಲಿ ಅವನು ತಂಬಿಗೆಯಿಂದ ಅವಳ ಕೈಗೆ ನೀರು ಹಾಕುತ್ತ ಕೇಳಿದ, "ನನ್ನ ಮ್ಯಾಲ ಇನ್ನೂ ಹೇಸಿಗಿ ಐತೇನ?"

"ಐತಿ," ಎಂದಳು. "ಒಮ್ಮೊಮ್ಮೆ ನಿಮ್ಮ ಕೈ ನೋಡಿದ್ರ ಆ ಹುಳಾ ನೆನಪಾಗತಾವ."

"ನನಗೂ."

ಅವಳು ಮೊಣಕೈತನಕ ಸಾಬೂನು ತಿಕ್ಕಿದಳು. "ಅದು ಪೂರಾ ಹೋಗತದೋ ಇಲ್ಲೋ ಗೊತ್ತಿಲ್ಲ. ಆದ್ರ ಆಯಿತವಾರ ಬಂತಂದ್ರ ಲಗೂನ ಎಚ್ಚರಾಗತದ. ಮುರಿಗೆವ್ವನ ಸಲುವಾಗಿ ಅಷ್ಟಽ ಅಲ್ಲ."

ತಂಬಿಗೆಯ ಧಾರೆ ನಿಂತಿತು. ಅವಳು ಕೈ ಮುಂದೆ ಚಾಚಿಯೇ ಇದ್ದಳು. ಅವನು ಎಚ್ಚೆತ್ತು ಮತ್ತೆ ನೀರು ಹಾಕಿದ.

"ಶುಕ್ರವಾರ ಮನಿಗೆ ಬರ್ರಿ. ಅಬ್ಬಾನ ಮುಂದ ಕುಂತು ನೀವಽ ಕೇಳ್ರಿ," ಎಂದಳು. "ನಾ ಏನ ಬರದೇನಿ, ಯಾಕ ಬರದೇನಿ, ಅದನ್ನೂ ನಿಮ್ಮ ಬಾಯಿಲೆ ಹೇಳಬೇಕು. ಏನೂ ಮುಚ್ಚಿಡಬಾರ್ದು."

"ಎಲ್ಲಾ ಕೇಳಿದ ಮ್ಯಾಲ ಅವ್ರು ಬ್ಯಾಡ ಅಂದ್ರ?"

ಗುಲಶನ ಅವನ ಹೆಗಲ ಮೇಲಿದ್ದ ಟವೆಲಿನ ತುದಿ ಎಳೆದುಕೊಂಡು, ಬೆರಳು ಬೆರಳನ್ನೂ ನಿಧಾನವಾಗಿ ಒರೆಸಿಕೊಂಡಳು.

"ಆಮ್ಯಾಲ ನಾ ಮಾತಾಡ್ತೇನಿ," ಎಂದಳು.