ಎಡಗಡೆ ಪೈಪಿನ ಸದ್ದು

ಬೇಸಿಗೆ ಇನ್ನೂ ಇಳಿದಿರಲಿಲ್ಲ. ಹತ್ತು ಗಂಟೆಗೇ ಗ್ಯಾರೇಜಿನ ತಗಡಿನ ಮಾಡು ಕಾದು ಚಟಪಟ ಎನ್ನುತ್ತಿತ್ತು. ಅವಳು ಟ್ರ್ಯಾಕ್ಟರೊಂದರ ಹೊಗೆಕೊಳವೆಗೆ ತೇಪೆ ಹಾಕಿ, ವೆಲ್ಡಿಂಗ್ ಮುಖವಾಡ ಮೇಲೆತ್ತಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಹಳದಿ ಸ್ಪೋರ್ಟ್ಸ್ ಕಾರು ಬಾಗಿಲಿಗೆ ಬಂದು ನಿಂತಿತು.

ನಾಲ್ಕನೇ ಸಲ.

'ದೇವರೇ... ಮತ್ತೆ ಈ ಮನುಷ್ಯ.'

ಇಳಿದವನು ಪೇಟೆಬೀದಿಯ ಹಲ್ಲಿನ ಡಾಕ್ಟರ್. ಹಳೆಯ ಕಾರೊಂದನ್ನು ಆಸೆಪಟ್ಟು ಕೊಂಡು, ಅದಕ್ಕೆ ಜೋಡಿ ಎಕ್ಸಾಸ್ಟ್ ಬೇಕೆಂದು ತಿಂಗಳ ಹಿಂದೆ ಬಂದಿದ್ದ. ಅಂಥ ಕಾರಿಗೆ ಸಿದ್ಧ ಪೈಪು ಎಲ್ಲೂ ಸಿಗುವುದಿಲ್ಲ. ಅಳೆದು, ಬಗ್ಗಿಸಿ, ಹಿಂದಿನ ಬಂಪರಿನ ಎರಡೂ ತುದಿಗೆ ಕವಲೊಡೆಯುವಂತೆ ಅವಳೇ ಬೆಸೆದಿದ್ದಳು. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಅವಳೊಬ್ಬಳೇ ಮುಗಿಸಿದ ಮೊದಲ ದೊಡ್ಡ ಕೆಲಸ ಅದು.

"ಏನು ಡಾಕ್ಟ್ರೇ, ಕಾರಿಗೆ ಮತ್ತೆ ಹಲ್ಲುನೋವಾ?"

"ಎಡಗಡೆ ಪೈಪು... ಟಕ್ ಟಕ್ ಅನ್ನುತ್ತೆ."

"ಮೂರು ಸಲ ಓಡಿಸಿ ನೋಡಿದೀನಿ. ಏನೂ ಅನ್ನಲ್ಲ."

"ನಾನು ಓಡಿಸಿದಾಗ ಅನ್ನುತ್ತೆ."

"ದಿನವಿಡೀ ಹಲ್ಲು ಕೊರೆದೂ ಕೊರೆದೂ ಕಿವಿ ಕೆಟ್ಟಿರ್ಬೇಕು. ಅದನ್ನ ಮೊದ್ಲು ತೋರಿಸ್ಕೊಳ್ಳಿ."

"ಒಂದ್ಸಲ ಜೊತೇಲಿ ಬನ್ನಿ. ನೀವೇ ಕೇಳಿ."

"ಗಿರಾಕಿಗಳ ಜೊತೆ ನಾನು ಕಾರಲ್ಲಿ ಕೂರಲ್ಲ. ಕೀಲಿ ಕೊಡಿ."

ಅದು ಅವಳೇ ಹಾಕಿಕೊಂಡ ಕಟ್ಟಳೆ. ಹೆಣ್ಣುಮಗಳು ಸ್ಪ್ಯಾನರ್ ಹಿಡಿದದ್ದೇ ಬೀದಿಯ ಬಾಯಿಗೆ ಸಾಕಷ್ಟು ಕೆಲಸ ಕೊಟ್ಟಿತ್ತು.

ಸೇತುವೆಯವರೆಗೆ ಒಬ್ಬಳೇ ಹೋಗಿ ಬಂದಳು. ಉಬ್ಬಿನ ಮೇಲೆ ಎರಡೆರಡು ಸಲ ಹತ್ತಿಸಿದಳು. ಪೈಪು ತೆಪ್ಪಗಿತ್ತು... ಅವಳ ತಲೆ ಬಿಟ್ಟು ಎಲ್ಲವೂ ತೆಪ್ಪಗಿತ್ತು.

ಗ್ಯಾರೇಜಿನಲ್ಲಿ ಅಪ್ಪ ಮುಕ್ಕಾಲಿಯ ಮೇಲೆ ಕೂತಿದ್ದರು.

"ಪುಟ್ಟಿ, ಇನ್ನೊಂದ್ಸಲ ಈ ಕಾರು ವಾಪಸ್ ಬಂದ್ರೆ ಪೈಪಿನ ಕೆಲ್ಸ ನಿನ್ನ ದೊಡ್ಡಪ್ಪನ ಮಗನಿಗೆ. ನೀನು ಪಂಕ್ಚರ್ ನೋಡ್ಕೋ."

"ಅಪ್ಪಾ..."

"ನನ್ನ ಮರಳು ಚೀಲ ಎಲ್ಲಿಟ್ಟೆ?"

"ಮೂಲೇಲಿ. ಬೆಕ್ಕು ಮಲಗಿದೆ ಅದರ ಮೇಲೆ."

ಅಪ್ಪ ನಿಟ್ಟುಸಿರಿಟ್ಟರು. ಅವಳ ಸಹನೆ ಅಲ್ಲಿಗೆ ಮುಗಿಯಿತು.

"ಕೇಳಿ ಡಾಕ್ಟ್ರೇ. ಸದ್ದೂ ಇಲ್ಲ, ಗಿದ್ದೂ ಇಲ್ಲ. ನೀವು ಸುಳ್ಳು ಹೇಳ್ತಿದೀರಿ. ನಿಮಗದು ಹೊತ್ತು ಹೋಗೋ ದಾರಿ, ನನಗೆ ಅನ್ನದ ಪ್ರಶ್ನೆ."

ಅವನ ಮುಖ ಸಣ್ಣದಾಯಿತು. "ಸುಳ್ಳುಗಾರ ಅಂದ್ರಾ?"

"ಅಂದೆ."

ಕೀಲಿ ಚಾಚಿದಾಗ ತೆರೆದ ಬಾಗಿಲಿನಿಂದ ಪಕ್ಕದ ಸೀಟು ಕಂಡಿತು. ಅಲ್ಲೊಂದು ನೇರಳೆ ಹೂವಿನ ಶಾಲು. ಅವಳ ಎದೆಯಲ್ಲಿ ಯಾರೋ ಅರ ಹಾಕಿ ಉಜ್ಜಿದಂತಾಯಿತು. 'ನನಗ್ಯಾಕೆ ಹೀಗಾಗ್ಬೇಕು?'

"ಸದ್ದಿಗೆ ಸಾಕ್ಷಿ ಹೇಳೋಕೆ ಈ ಶಾಲಿನೋರನ್ನ ಕರೆಸ್ತೀರೇನೋ?"

"ಬೇಕಾದ್ರೆ ಕರೆಸ್ತೀನಿ. ಅದು ನಮ್ಮತ್ತೇದು. ನನ್ನ ಸಾಕಿದ ಸೋದರತ್ತೆ. ಮೊಣಕಾಲಿನ ವ್ಯಾಯಾಮಕ್ಕೆ ಕರ್ಕೊಂಡು ಹೋಗುವಾಗ ಅವರೂ ಕೇಳಿದಾರೆ. ತೊಂಬತ್ತು ಕೆಜಿ ಇದಾರೆ, ಕಿವಿ ಮಾತ್ರ ಸೂಜಿ."

ಮೊದಲು ಹಗುರವಾಯಿತು. ಹಗುರವಾದದ್ದಕ್ಕೆ ನಾಚಿಕೆಯಾಯಿತು. ಮರುಕ್ಷಣ ಅವಳೊಳಗಿನ ಮೆಕ್ಯಾನಿಕ್ ಎದ್ದು ಕೂತಳು.

"ತಡೀರಿ... ಅವರು ಕೂತಾಗ ಮಾತ್ರ ಸದ್ದು ಬರೋದಾ?"

ಅವನು ಯೋಚಿಸಿದ. "ಹೌದಲ್ವಾ."

ಅವಳು ಶಾಲನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತೇಬಿಟ್ಟಳು.

"ಗಿರಾಕಿಗಳ ಜೊತೆ..."

"ಹೊರಡಿ ಅಂದೆ."

ಸೇತುವೆಯ ಉಬ್ಬು ಬಂತು. ಟಕ್. ಹಿಂದಿನ ಚಕ್ರ ಹತ್ತಿತು. ಟಕ್.

ಅವಳು ಕಣ್ಣು ಮುಚ್ಚಿಕೊಂಡಳು. ಕಾರನ್ನು ಹೊಸ ಲಿಫ್ಟಿನಲ್ಲಿ ಎತ್ತಿ, ಚಕ್ರಗಳು ಗಾಳಿಯಲ್ಲಿ ಜೋತಿರುವಾಗ ಅಳತೆ ತೆಗೆದಿದ್ದಳು. ಪೈಪಿಗೂ ಹಿಂಚಕ್ರಗಳ ಅಚ್ಚಿಗೂ ನಡುವೆ ಎರಡು ಬೆರಳು ಸಂದು ಧಾರಾಳವಾಗಿ ಕಂಡಿತ್ತು. ಇಬ್ಬರು ಕೂತು ಭಾರ ಬಿದ್ದರೆ ಅಚ್ಚು ಮೇಲೇರಿ ಪೈಪಿಗೆ ಬಡಿಯುತ್ತದೆ. ಅಪ್ಪ ಕಾರನ್ನು ಗ್ಯಾರೇಜಿನ ದುರಸ್ತಿ ಗುಂಡಿಯ ಮೇಲೆ ನಿಲ್ಲಿಸಿ, ಎರಡೂ ಸೀಟಿಗೆ ಮರಳು ಚೀಲ ಹೇರಿ, ಆಮೇಲೇ ಗುರುತು ಹಾಕುತ್ತಿದ್ದರು. ಅವಳು ಅದನ್ನು ಹಳೇ ಕಾಲದ ಗೀಳೆಂದು ನಕ್ಕಿದ್ದಳು.

ಗ್ಯಾರೇಜಿಗೆ ಮರಳಿ ಅವಳು ವಿಷಯ ಹೇಳುವ ಮೊದಲೇ ಅಪ್ಪ ಮೂಲೆಯತ್ತ ಬೆರಳು ತೋರಿಸಿದರು. ಒಂದು ಚೀಲ ಸರಿಯಾಗಿತ್ತು. ಇನ್ನೊಂದನ್ನು ಬೆಕ್ಕು ಪರಚಿ ಹರಿದಿತ್ತು, ಮರಳೆಲ್ಲ ನೆಲದ ಮೇಲೆ.

"ಡಾಕ್ಟ್ರನ್ನೇ ಕೂರಿಸು," ಎಂದರು ಅಪ್ಪ. "ಮರಳಿಗಿಂತ ಏನು ಕಮ್ಮಿ."

ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಅವನು ಸೀಟಿನಲ್ಲಿದ್ದ ಚೀಲದ ಪಕ್ಕದಲ್ಲಿ ವಿಧೇಯನಾಗಿ ಕೂತ. ಅವಳು ಗುಂಡಿಗಿಳಿದು, ತಲೆಯ ಮೇಲಿನ ಪೈಪಿಗೆ ಸೀಮೆಸುಣ್ಣದ ಗೀಟು ಎಳೆಯತೊಡಗಿದಳು. ಮುಖ ಕಾಣದಿದ್ದಾಗ ಮಾತು ಸುಲಭ.

"ಡಾಕ್ಟ್ರೇ, ಸುಳ್ಳುಗಾರ ಅಂದದ್ದು ವಾಪಸ್ ತಗೋತೀನಿ. ತಪ್ಪು ನಂದು."

ಮೇಲೆ ಸೀಟು ಕಿರುಗುಟ್ಟಿತು.

"ಪೂರ್ತಿ ತಗೋಬೇಡಿ."

"ಯಾಕೆ?"

"ಅತ್ತೆ ತಮ್ಮ ಮಗಳ ಮನೆಗೆ ಹೋಗಿ ಎಂಟು ದಿನ ಆಯ್ತು. ಈ ವಾರ ಸದ್ದೇ ಬಂದಿಲ್ಲ."

ಸೀಮೆಸುಣ್ಣ ನಿಂತಿತು.

"ಮತ್ತೆ ಇವತ್ತು ಯಾಕೆ ಬಂದ್ರಿ?"

"ನೀವು ಬೈದು ವಾರ ಆಗಿತ್ತು... ಏನೋ ಕಳ್ಕೊಂಡ ಹಾಗಿತ್ತು."

"ನಿಮ್ಮ ಈ ಒಂದು ಸುಳ್ಳಿಗೆ ನನ್ನ ಕೆಲ್ಸ ಹೋಗ್ತಿತ್ತು, ಗೊತ್ತಾ?"

"ಈಗ ಗೊತ್ತಾಯ್ತು. ನಿಮ್ಮಪ್ಪನ ಹತ್ರ ನಾನೇ ಹೇಳ್ತೀನಿ."

"ನನಗೆ ಕಿವಿ ಕೇಳುತ್ತೆ," ಎಂದರು ಮುಕ್ಕಾಲಿಯಿಂದ ಅಪ್ಪ.

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಗುಂಡಿಯ ಕತ್ತಲಲ್ಲಿ ಅದನ್ನು ಯಾರೂ ನೋಡಲಿಲ್ಲ.

"ಹಾಗಾದ್ರೆ ಆ ಮಾತು ಅಲ್ಲೇ ಇರ್ಲಿ. ವಾಪಸ್ ಇಲ್ಲ."

"ಇರ್ಲಿ."

ಮಧ್ಯಾಹ್ನದ ಹೊತ್ತಿಗೆ ಪೈಪು ಬಿಚ್ಚಿ, ಕತ್ತರಿಸಿ, ಹೊಸದಾಗಿ ಬಗ್ಗಿಸಿ ಬೆಸೆದು ಕೂರಿಸಿದಳು. ಇಬ್ಬರೂ ಕೂತು ಸೇತುವೆ ದಾಟಿದರು. ಎರಡು ಕೊಳವೆಗಳ ತುಂಬು ದನಿಯ ಹೊರತು ಇನ್ನೇನೂ ಕೇಳಿಸಲಿಲ್ಲ. ಮರಳಿ ಬಂದಾಗ ಅಪ್ಪ ತಮ್ಮ ಹಳೆಯ ಅಳತೆಪಟ್ಟಿಯನ್ನು ಅವಳ ಪೆಟ್ಟಿಗೆಯಲ್ಲಿಟ್ಟು ಊಟಕ್ಕೆ ಹೋಗಿದ್ದರು.

ಅವನು ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ. "ಇನ್ನು ಬರೋಕೆ ಕಾರಣ ಇಲ್ಲ..."

ಅವಳು ನೆಲದ ಮರಳು ಗುಡಿಸುತ್ತಲೇ ಕೇಳಿದಳು, "ನಿಮ್ಮ ತೂಕ ಎಷ್ಟು?"

"ಎಪ್ಪತ್ತೆರಡು. ಯಾಕೆ?"

"ಚೀಲ ಹರಿದಿದೆ. ಗುರುವಾರ ಇನ್ನೊಂದು ಕಾರು ಬರುತ್ತೆ."

"ಎಷ್ಟು ಹೊತ್ತು ಕೂರ್ಬೇಕು?"

"ನಾನು ಏಳಿ ಅನ್ನೋ ತನಕ."

"ಅನ್ನದೇ ಹೋದ್ರೆ?"

ಪೊರಕೆ ನಿಂತಿತು.

"ಕೂತಿರಿ..."